ಹಳ್ಳಕ್ಕೆ ಹಳ್ಳ ಅಂದವಳು

ಹರಿಹರ
9-2-2025

ತಮ್ಮ ಸಿದ್ದೇಶನಿಗೆ ಅಕ್ಕ ಯಶೋದಾಳ ಆಶೀರ್ವಾದ.

ಹರಿಹರದಿಂದ ದಾವಣಗೆರೆಗೆ ಕಾಗದ ಬರೆಯುವ ಅಕ್ಕ ಈ ಕಾಲದಲ್ಲಿ ನಾನೊಬ್ಬಳೇ ಇರಬೇಕು. ನಗಬೇಡ. ನಿನ್ನೆ ನೀನು ಫೋನಿನಲ್ಲಿ ಕಿರುಚಿದ್ದು ನನಗಿಂತ ಮೊದಲು ಅಡುಗೆಮನೆಯಲ್ಲಿದ್ದ ಅವ್ವನಿಗೆ ಕೇಳಿಸಿತು. ನಮ್ಮ ಮನೆಯ ಉದ್ದಗಲ ನಿನಗೆ ಗೊತ್ತಲ್ಲ, ಇಲ್ಲಿ ಗುಟ್ಟು ಹೇಳಬೇಕಾದರೆ ಬೀದಿಗೆ ಹೋಗಬೇಕು. ವಾಟ್ಸಾಪಿನಲ್ಲಿ ಬರೆಯೋಣವೆಂದರೆ ನಿನ್ನ ಫೋನು ದಿನವೆಲ್ಲ ಮಗಳ ಕೈಯಲ್ಲಿರುತ್ತದೆ. ಅದಕ್ಕೇ ಈ ಕಾಗದ. ನನ್ನ ಜತೆ ಬ್ಲೌಸ್ ಹೊಲಿಯುವ ಗುಲ್ಷನ್ ಲೈನಿಂಗು, ದಾರ ತರಲು ದಾವಣಗೆರೆಗೆ ಬರುತ್ತಲೇ ಇರುತ್ತಾಳೆ. ನಿನ್ನ ಮೋಟರ್ ರಿವೈಂಡಿಂಗ್ ಅಂಗಡಿ ಅವಳ ದಾರಿಯಲ್ಲೇ ಇದೆ. ಬರೆದು ಅವಳ ಕೈಗೆ ಕೊಡು. ಗುಲ್ಷನ್‌ಗೆ ಕನ್ನಡ ಓದಲು ಬರುತ್ತದೆ, ಬೇರೆಯವರ ಕಾಗದ ಓದುವ ಬುದ್ಧಿ ಇಲ್ಲ. ಅವ್ವನಿಗೆ ಆ ಬುದ್ಧಿ ಇದೆ, ಓದಲು ಬರುವುದಿಲ್ಲ. ಹೀಗಾಗಿ ನಮಗೆ ಭಯವಿಲ್ಲ.

ಈಗ ಸಮಾಧಾನವಾಗಿ ಬರೆ. ಮನೆ ಕೆಲಸ ನಿಲ್ಲಿಸಬೇಕೆಂದು ನೋಟಿಸ್ ಬಂದಿದೆ ಅಂದೆ. ಅಷ್ಟು ಅರ್ಥವಾಯಿತು. ಅದಕ್ಕೆಲ್ಲ ಅವ್ವನೇ ಕಾರಣ ಅಂದೆಯಲ್ಲ, ಅದು ಅರ್ಥವಾಗಲಿಲ್ಲ. ಹೋದ ತಿಂಗಳು ನಿನ್ನ ಗೋಡೆಗಳಿಗೆ ನೀರು ಹೊಡೆಯಲು ಬಂದು, ವಾರವೆಲ್ಲ ಪೈಪು ಹಿಡಿದು, ಕೆಮ್ಮು ಹತ್ತಿಸಿಕೊಂಡು ವಾಪಸ್ಸಾದಳು. ಬಂದಾಗಿನಿಂದ ಅವಳ ಬಾಯಲ್ಲಿ ಒಂದೇ ಮಾತು: "ನನ್ನ ಕ್ವಾಣೆ ಕಿಟಕಿ ಮೂಡ್ಲಕ್ಕೈತೆ, ಎದ್ದ ಕೂಡ್ಲೇ ಬಿಸ್ಲು ಮುಖಕ್ಕೆ ಬೀಳ್ತೈತೆ." ಅಪ್ಪ ಹೋದ ಮೇಲೆ ಅವಳು ನನ್ನ ಮನೆಯಲ್ಲಿದ್ದರೂ ಜೀವ ಇರುವುದು ನಮ್ಮೂರು ಶಾಮನೂರಿನ ಆ ಮೂಲೆ ಸೈಟಿನಲ್ಲೇ. ಗದ್ದೆಯೆಲ್ಲ ಮಾರಿದ ಮೇಲೆ ನಮಗೆ ಉಳಿದಿರುವುದೂ ಅಷ್ಟೇ. ಅಂಥವಳು ನಿನ್ನ ಮನೆಗೆ ಏನು ಕೇಡು ಮಾಡಿಯಾಳು?

ನಿನ್ನ ಮನೆಯಾಕೆ ಸುಮಾಳಿಗೆ ಹೇಳು, ಅವಳ ಎರಡು ಬ್ಲೌಸ್ ಆಗಿವೆ, ಕೊಕ್ಕೆ ಹಚ್ಚುವುದೊಂದು ಬಾಕಿ.

ನಿನ್ನ ಅಕ್ಕ
ಯಶೋದಾ


ದಾವಣಗೆರೆ
12-2-2025

ಅಕ್ಕನಿಗೆ ಸಿದ್ದೇಶನ ನಮಸ್ಕಾರ.

ಕಿರುಚಿದ್ದು ತಪ್ಪೇ. ಆದರೆ ಕೇಳು, ನಿನಗೂ ಕಿರುಚಬೇಕು ಅನ್ನಿಸುತ್ತದೆ.

ಶಾಮನೂರಿನ ಹಳೇ ನಕ್ಷೆಯಲ್ಲಿ ನಮ್ಮ ಸೈಟಿನ ಪೂರ್ವಕ್ಕೆ ಒಂದು ಗೆರೆ ಇದೆ. ಗೆರೆಗೆ ಹೆಸರಿಲ್ಲ. ಗದ್ದೆಯ ಬದುವೋ, ನೀರು ಬಸಿಯುವ ಕಾಲುವೆಯೋ, ಹಳ್ಳವೋ ಯಾರೂ ಬರೆದಿಟ್ಟಿಲ್ಲ. ಪ್ಲಾನ್ ಮಂಜೂರು ಮಾಡಿದವರು ಬದು ಅಂದುಕೊಂಡು ಸಹಿ ಹಾಕಿದರು. ಗೋಡೆ ಲಿಂಟಲ್‌ವರೆಗೆ ಎದ್ದ ಮೇಲೆ ಯಾರೋ ತಕರಾರು ಅರ್ಜಿ ಕೊಟ್ಟರಂತೆ. ಸರ್ವೇಯರ್ ನೋಡಲು ಬಂದ ದಿನ ನಾನು ಚನ್ನಗಿರಿ ಕಡೆ ಬೋರಿನ ಮೋಟರ್ ಎತ್ತಿಸಲು ಹೋಗಿದ್ದೆ. ಸೈಟಿನಲ್ಲಿ ಇದ್ದವಳು ಅವ್ವ ಒಬ್ಬಳೇ.

"ಅಮ್ಮಾ, ಈ ಪಕ್ಕದ್ದು ಏನು?" ಅಂತ ಆತ ಕೇಳಿದ್ದಾನೆ. "ಹಳ್ಳ ಕಣಪ್ಪ" ಅಂದಿದ್ದಾಳೆ. ಅಷ್ಟಕ್ಕೆ ಸುಮ್ಮನಾಗದೆ ಅವನಿಗೆ ಮಜ್ಜಿಗೆ ಕೊಟ್ಟು, ಎಲ್ಲಿಂದ ಬರುತ್ತದೆ ಎಲ್ಲಿಗೆ ಹೋಗುತ್ತದೆ ಅಂತ ಕೈ ಮಾಡಿ ತೋರಿಸಿದ್ದಾಳೆ. ಅವನು ಅದನ್ನೇ ಹೇಳಿಕೆ ಅಂತ ಬರೆದುಕೊಂಡು ಹೆಬ್ಬೆಟ್ಟು ಒತ್ತಿಸಿಕೊಂಡು ಹೋದ. ಬಸಿಗಾಲುವೆಯಾದರೆ ನಾವು ಬಿಟ್ಟಿರುವ ಜಾಗ ಸಾಕು. ಹಳ್ಳವಾದರೆ ತುಂಬ ದೂರ ಬಿಡಬೇಕು. ಅಂದರೆ ಪೂರ್ವದ ಕೋಣೆ ಪೂರ್ತಿ ಕೆಡವಬೇಕು. ಅವ್ವನ ಕೋಣೆ ಅದೇ! ತನ್ನ ಕೋಣೆಗೆ ತಾನೇ ಕಲ್ಲು ಹಾಕಿಕೊಂಡಳು.

ನೋಟಿಸ್ ಕೊಟ್ಟ ಕಚೇರಿಯ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಅಂಜನಕುಮಾರ ಅಂತ ಒಬ್ಬ ಇದ್ದಾನೆ, ಇಂಥ ಅರ್ಜಿಗಳನ್ನೇ ಬರೆಯುವವನು. ಅವನು ಒಂದು ದಾರಿ ಹೇಳಿದ. ಹಳ್ಳ ಅಂದರೆ ಗುಂಡಿ ಅಂತಲೂ ಆಗುತ್ತದಲ್ಲ? ರಸ್ತೆಯಲ್ಲಿ ಹಳ್ಳ ಬಿದ್ದಿದೆ ಅಂತ ದಿನಾ ಅನ್ನುತ್ತೇವೆ. ಅವ್ವ ಬಂದು "ನಾನು ಅಂದದ್ದು ಗುಂಡಿ, ಹರಿಯೋ ಹಳ್ಳ ಅಲ್ಲ" ಅಂತ ಇನ್ನೊಂದು ಹೇಳಿಕೆ ಕೊಟ್ಟರೆ ಮುಗಿಯಿತು. ಒಂದು ಮಾತು, ಅಷ್ಟೇ. ಇದೇ ವಾರ ಕರೆದುಕೊಂಡು ಬಾ.

ನಿನ್ನ ತಮ್ಮ
ಸಿದ್ದೇಶ


ಹರಿಹರ
20-2-2025

ತಮ್ಮನಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಅಂಜನಕುಮಾರ ಬಹಳ ಚುರುಕು ಕಣೋ, ನಿಘಂಟು ಬರೆಯುವುದು ಬಿಟ್ಟು ಜೆರಾಕ್ಸ್ ಅಂಗಡಿಯಲ್ಲಿ ಯಾಕೆ ಕೂತಿದ್ದಾನೋ.

ಅವ್ವನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಬಸ್ಸು ಹತ್ತಲು ಆಗುವುದಿಲ್ಲ. ಎಣ್ಣೆ ಹಚ್ಚುತ್ತಿದ್ದೇನೆ. ಕಡಿಮೆಯಾದ ಮೇಲೆ ನೋಡೋಣ. ನೀನು ಅಲ್ಲಿಯವರೆಗೆ ಆ ಕಚೇರಿಯವರನ್ನು ಬೇರೆ ಏನಾದರೂ ದಾರಿ ಇದೆಯೇ ಅಂತ ಕೇಳು. ಕೋಣೆಯನ್ನು ಸ್ವಲ್ಪ ಒಳಗೆ ಎಳೆದುಕೊಳ್ಳಲು ಬರುವುದಿಲ್ಲವೇ? ಹಾಲ್ ಸಣ್ಣದಾದರೆ ಆಗಲಿ. ನಾವೇನು ಅಲ್ಲಿ ಮದುವೆ ಮಾಡುತ್ತೇವೆಯೇ?

ನಿಮ್ಮ ಭಾವ ಮಾಲತೇಶಪ್ಪನವರು ಕೇಳಿದರು ಅಂತ ಹೇಳಲು ಹೇಳಿದ್ದಾರೆ.

ನಿನ್ನ ಅಕ್ಕ


ದಾವಣಗೆರೆ
3-3-2025

ಅಕ್ಕ,

ನಿನ್ನೆ ಗುಲ್ಷನ್ ಅಕ್ಕನನ್ನು ಸುಮ್ಮನೆ ಕೇಳಿದೆ, ಅವ್ವನ ಮೊಣಕಾಲು ಹೇಗಿದೆ ಅಂತ. "ಅಂಜಿನವ್ವಂಗಾ? ನಿನ್ನೆ ಸಂತೇಗೆ ನನ್ನಕಿಂತ ಮುಂದೆ ನಡೀತಿದ್ರಲ್ರೀ" ಅಂದರು. ಪಾಪ, ಅವರಿಗೆ ಸುಳ್ಳು ಹೇಳಲು ನೀನು ಹೇಳಿಕೊಟ್ಟಿರಲಿಲ್ಲ.

ನೇರವಾಗಿ ಕೇಳುತ್ತೇನೆ. ನಿನಗೆ ಈ ಮನೆ ಆಗುವುದು ಬೇಡವೇ? ಆ ಸೈಟು ನನ್ನ ಹೆಸರಿಗೆ ಬಂದಾಗ ನೀನು ಏನೂ ಅನ್ನಲಿಲ್ಲ. ನಗುನಗುತ್ತಲೇ ಸಹಿ ಹಾಕಿದೆ. ಆಗ ನುಂಗಿಕೊಂಡಿದ್ದು ಈಗ ಹೊರಗೆ ಬರುತ್ತಿದೆಯೇನೋ. ಹಾಗಿದ್ದರೆ ಬಾಯಿಬಿಟ್ಟು ಹೇಳು, ಮೊಣಕಾಲಿನ ನೆಪ ಯಾಕೆ?

ನನ್ನ ಪರಿಸ್ಥಿತಿ ನಿನಗೆ ಗೊತ್ತಿಲ್ಲ. ಸರಸ್ವತಿ ನಗರದ ಬಾಡಿಗೆ ಮನೆಯ ಮಾಲೀಕರು ತಮ್ಮ ಮಗನ ಮದುವೆ ಇದೆ, ಮನೆ ಬಿಡಿ ಅಂತ ದಿನಾ ಮೆಟ್ಟಿಲ ಮೇಲೆ ನಿಂತು ಕೇಳುತ್ತಾರೆ. ಸುಮಾ ಅವರ ದನಿ ಕೇಳಿದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕಚೇರಿಗೆ ಹೋದರೆ ಸಾಹೇಬರು ಸೈಟ್ ವಿಸಿಟ್ ಹೋಗಿದ್ದಾರೆ ಅನ್ನುತ್ತಾರೆ, ಸೈಟಿಗೆ ಹೋದರೆ ಸಾಹೇಬರು ಬಂದಿಲ್ಲ ಅನ್ನುತ್ತಾರೆ. ನಮ್ಮ ಸಾಲಿನಲ್ಲಿ ಮನೆ ಕಟ್ಟಿದವರಿಗೆಲ್ಲ ಈಗ ನನ್ನ ಮೇಲೆ ಸಿಟ್ಟು. ನಮಗೆ ಹಳ್ಳವಾದರೆ ಅವರಿಗೂ ಹಳ್ಳವೇ ತಾನೇ? ಪಕ್ಕದ ನಿಂಗಪ್ಪ ಮಾವ ಮೊನ್ನೆ ಬಂದು, "ನಿಮ್ಮವ್ವ ಎಲ್ರ ಮನೀಗೂ ನೀರು ಬಿಟ್ಲಲ್ಲೋ" ಅಂದು ಹೋದ. ಮೊದಲಿನಿಂದ ನಮ್ಮ ಬದುವಿನ ಆಚೆ ಉತ್ತವನು ಅವನು.

ಒಂದು ಮಾತು ಹೇಳಿಸಲು ನಿನಗೆ ಇಷ್ಟು ಕಷ್ಟವೇ?

ಸಿದ್ದೇಶ


ಹರಿಹರ
8-3-2025

ಸಿದ್ದೇಶ,

ನಿನ್ನ ಕಾಗದ ಓದಿ ಹೊಲಿಗೆ ಯಂತ್ರದ ಮುಂದೆ ಕೂತು ಅತ್ತೆ. ಸಿಟ್ಟಿಗೆ ಅತ್ತಿದ್ದು, ದುಃಖಕ್ಕಲ್ಲ ಅಂತ ತಿಳಿದುಕೋ. ಯಾರದೋ ತೋಳು ಉಲ್ಟಾ ಹೊಲಿದುಬಿಟ್ಟೆ.

ನಾನು ಆ ಸೈಟಿಗೆ ಸಹಿ ಹಾಕಿದ್ದು ನೀನು ಮನೆ ಕಟ್ಟಲಿ, ಅವ್ವ ಅಲ್ಲಿಗೆ ಹೋಗಲಿ ಅಂತಲೇ. ಮೊಣಕಾಲಿನದು ಸುಳ್ಳೇ. ಆ ಸುಳ್ಳು ಹೇಳಿದ್ದು ನಿನ್ನ ಮನಸ್ಸು ನೋಯದಿರಲಿ ಅಂತ. ಈಗ ನೋಯಲಿ, ಕೇಳು.

ನಿನ್ನ ಗುಂಡಿಯ ಕಾಗದ ಬಂದ ದಿನವೇ ಅವ್ವನನ್ನು ಕೂರಿಸಿಕೊಂಡು ಕೇಳಿದೆ. "ಅವ್ವಾ, ನೀನು ಹಳ್ಳ ಅಂದಿದ್ದು ಗುಂಡಿ ಅಂತ ತಾನೇ?" ಅವಳು ಅವರೆಕಾಯಿ ಸುಲಿಯುತ್ತಿದ್ದಳು, ಕೈ ನಿಲ್ಲಿಸಿದಳು.

"ಗುಂಡಿಗೆ ಗುಂಡಿ ಅಂತೀನಿ, ಹಳ್ಳಕ್ಕೆ ಹಳ್ಳ ಅಂತೀನಿ. ನಂಗೇನು ಮಾತು ಬರಲ್ವಾ? ನೀನು ಹೊಟ್ಟೆನಾಗಿದ್ದಾಗ ನಿಮ್ಮಪ್ಪನ ಬಣವೆ ತೇಲಿ ಹೋಗಿದ್ದು ಗುಂಡಿನಾಗೇನು? ಮೇಲ್ಗಡೆ ಗದ್ದೇರೆಲ್ಲ ಮುಚ್ಚಿದ್ರು, ಅದಕ್ಕ ಬೇಸ್ಗೆನಾಗೆ ಕಾಣಲ್ಲ. ಮಳೆ ಬಂದ್ರೆ ಅದಕ್ಕೆ ದಾರಿ ಗೊತ್ತೈತೆ. ಆ ಹುಡುಗ ಕೇಳಿದ, ಹೇಳ್ದೆ. ಆತ ಕೇಳಿದ್ದು ನನ್ನ ಮಗನ ಮನೆ ನೀರಾಗೆ ಹೋಗಬಾರ್ದು ಅಂತ ಅನ್ಕಂಡೆ."

ಕೋಣೆ ಹೋಗುತ್ತದೆ ಅಂದೆ. "ಹೋದ್ರೆ ಹೋಗ್ಲಿ, ಹಾಲ್‌ನಾಗೆ ಮಲಗ್ತೀನಿ" ಅಂದಳು. ಇನ್ನೊಂದು ಸಲ ಒತ್ತಾಯ ಮಾಡಿದ್ದಕ್ಕೆ, "ಇಲ್ಲದ್ದು ಹೇಳು ಅನ್ನಬ್ಯಾಡ ಯಶೋದಿ, ನನ್ನ ನಾಲಿಗೆ ಹೊರಳಲ್ಲ" ಅಂತ ಎದ್ದು ಹೋದಳು. ಆಮೇಲೆ ಆ ಸುದ್ದಿ ತೆಗೆದಿಲ್ಲ.

ನೀನು ಒಂದು ಸಲ ಬಂದು ಅವಳ ಮುಂದೆ ಕೂತು ಮಾತಾಡು. ಯುಗಾದಿಗೆ ಹೇಗೂ ಬರುತ್ತೀಯಲ್ಲ.

ಯಶೋದಾ


ದಾವಣಗೆರೆ
4-4-2025

ಅಕ್ಕನಿಗೆ,

ಯುಗಾದಿಗೆ ಬರಲಾಗಲಿಲ್ಲ. ಬೇವು ಬೆಲ್ಲ ತಿನ್ನುವ ಮನಸ್ಸಿರಲಿಲ್ಲ, ಬಂದರೆ ಅವ್ವನ ಮುಖ ನೋಡಬೇಕಾಗುತ್ತದೆ ಅಂತಲೂ ಇತ್ತು. ಮುಚ್ಚಿಟ್ಟರೆ ನಿನಗೆ ಬೇರೆ ಯಾರಿಂದಲಾದರೂ ಗೊತ್ತಾಗುತ್ತದೆ, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಹೇಳಿಕೆ ಕೊಟ್ಟವರು ತಾವೇ ಬದಲಿಸದಿದ್ದರೆ ಅದನ್ನು ತೆಗೆದುಹಾಕಲು ಒಂದೇ ದಾರಿ ಅಂತ ಅಂಜನಕುಮಾರ ಹೇಳಿದ. ಅಫಿಡವಿಟ್ ಕೊಟ್ಟಿದ್ದೇನೆ. ಅದರಲ್ಲಿರುವುದನ್ನು ಹಾಗೇ ಬರೆಯುತ್ತೇನೆ: "ನನ್ನ ತಾಯಿಯವರಾದ ಶ್ರೀಮತಿ ಅಂಜಿನವ್ವ ಕೋಂ ಲೇಟ್ ಮಲ್ಲೇಶಪ್ಪ ಇವರು ವಯೋಸಹಜ ಮರೆವಿನಿಂದ ಬಳಲುತ್ತಿದ್ದು, ಸ್ಥಳ, ಕಾಲ ಹಾಗೂ ವ್ಯಕ್ತಿಗಳ ಬಗ್ಗೆ ಸರಿಯಾದ ತಿಳಿವಳಿಕೆ ಇರುವುದಿಲ್ಲವಾದ್ದರಿಂದ ಸದರಿಯವರ ಹೇಳಿಕೆಯನ್ನು ಪರಿಗಣಿಸಬಾರದಾಗಿ ಕೋರುತ್ತೇನೆ."

ಇದು ಬರೀ ಕಾಗದ ಅಕ್ಕ. ಫೈಲಿನಲ್ಲಿ ಬಿದ್ದಿರುತ್ತದೆ, ಮನೆ ಮುಗಿದ ಮೇಲೆ ಯಾರೂ ತೆಗೆದು ನೋಡುವುದಿಲ್ಲ. ವಯಸ್ಸಾದವರಿಗೆ ಅರಳು ಮರಳು ಅಂತ ನಾವೇ ಮನೆಯಲ್ಲಿ ಎಷ್ಟು ಸಲ ತಮಾಷೆಗೆ ಅನ್ನುವುದಿಲ್ಲ? ಅವಳ ಒಳ್ಳೆಯದಕ್ಕೇ ಅಲ್ಲವೇ ಇದು, ಅವಳ ಕೋಣೆ ಉಳಿಯಲಿ ಅಂತ?

16ನೇ ತಾರೀಖು ಸಾಹೇಬರೇ ಬಂದು ಮಹಜರು ಮಾಡುತ್ತಾರೆ. ಊರಿನ ಹಿರಿಯರ ಹೇಳಿಕೆ ಬರೆದುಕೊಳ್ಳುತ್ತಾರೆ. ನಿಂಗಪ್ಪ ಮಾವ ಬಸಿಗಾಲುವೆ ಅಂತ ಹೇಳಲು ಒಪ್ಪಿದ್ದಾನೆ. ಅವ್ವನನ್ನು ಒಮ್ಮೆ ಕಣ್ಣಿಂದ ನೋಡಬೇಕೆಂದು ಸಾಹೇಬರು ಅಂದಿದ್ದಾರೆ. ಅವಳು ಏನೂ ಹೇಳುವುದು ಬೇಡ, ಸುಮ್ಮನೆ ನಿಂತರೆ ಸಾಕು. ಅಫಿಡವಿಟ್ ಸುದ್ದಿ ಮಾತ್ರ ಅವಳ ಕಿವಿಗೆ ಹಾಕಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಸಿದ್ದೇಶ


ಹರಿಹರ
7-4-2025

ಸಿದ್ದೇಶ,

ಕರೆದುಕೊಂಡು ಬರುತ್ತೇನೆ. ಬರುವುದಿಲ್ಲ ಅಂದರೆ ನೀನು ಮತ್ತೆ ಸೈಟಿನ ಮಾತು ಎತ್ತುತ್ತೀಯ.

ಆದರೆ ಅವಳು ಅಲ್ಲಿ ಬಾಯಿಬಿಟ್ಟರೆ ತಡೆಯುವುದಿಲ್ಲ. ನಿನ್ನನ್ನು ಹೆತ್ತ ಗಳಿಗೆಯನ್ನು ಇವತ್ತಿಗೂ ಬಾಯಿಪಾಠ ಹೇಳುತ್ತಾಳೆ, ಅವಳಿಗೆ ಸ್ಥಳ ಕಾಲ ಗೊತ್ತಿಲ್ಲವಂತೆ. ಬರೆದ ಕೈ ಯಾವುದು ಅಂತ ಬಂದು ನೋಡುತ್ತೇನೆ.

ಯಶೋದಾ


ದಾವಣಗೆರೆ
18-4-2025

ಅಕ್ಕ,

ಮೊನ್ನೆ ನೀವು ಹೋದ ಮೇಲೆ ನಾನು ಅಂಗಡಿ ತೆರೆದಿಲ್ಲ. ನೀನು ಅಲ್ಲೇ ಇದ್ದೆ, ಎಲ್ಲ ನೋಡಿದೆ, ಒಂದು ಮಾತೂ ಆಡಲಿಲ್ಲ. ಯಾಕೆ ಅಕ್ಕ? ನಿನಗೆ ಮೊದಲೇ ಗೊತ್ತಿತ್ತೇ?

ಅವ್ವ ರಿಕ್ಷಾದಿಂದ ಇಳಿದಾಗ ಎಲ್ಲರೆದುರು ನನ್ನನ್ನು ಬೈಯುತ್ತಾಳೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ನಿಂತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಸಾಹೇಬರು, "ಅಜ್ಜೀ, ಇಲ್ಲಿ ಏನು ಹರೀತಿತ್ತು ಗೊತ್ತಾ?" ಅಂತ ಕೇಳಿದರು. ಅವ್ವ ಗೋಡೆ ಮುಟ್ಟಿ ನೋಡಿ, "ಯಾರ ಮನೆ ಇದು? ಚಲೋ ಕಟ್ಟ್ಯಾರ" ಅಂದಳು. ನಿಂಗಪ್ಪ ಮಾವ ಮುಖ ಆ ಕಡೆ ತಿರುಗಿಸಿದ. ಸಾಹೇಬರು ನನ್ನನ್ನು ತೋರಿಸಿ, "ಇವರು ಯಾರಮ್ಮ?" ಅಂದರು.

ಅವಳು ನನ್ನ ಮುಖವನ್ನು ಎಷ್ಟು ಹೊತ್ತು ನೋಡಿದಳು! "ಎಲ್ಲೋ ನೋಡ್ದಂಗೈತೆ. ಯಾರ ಮಗನೋ ಏನೋ, ಭಾಳ ಸೊರಗ್ಯಾನ. ಈತಗೆ ಯಾರಾದ್ರೂ ಊಟ ಹಾಕ್ರಿ" ಅಂದಳು. ಸಾಹೇಬರು ಪೆನ್ನು ಮುಚ್ಚಿ ನನ್ನ ಭುಜ ತಟ್ಟಿದರು. ಪಾಪ, ಅವರ ತಾಯಿಯೂ ಹೀಗೇ ಆಗಿ ಹೋದರಂತೆ.

ನಾನು ಸುಳ್ಳು ಬರೆದೆ, ಅದು ನಿಜವಾಗಿಬಿಟ್ಟಿತು. ನಾನು ಬರೆದಿದ್ದಕ್ಕೇ ಆಯಿತು ಅಂತ ಅನ್ನಿಸುತ್ತಿದೆ. ಹುಚ್ಚು ಮಾತು ಅನ್ನಬೇಡ. ಯಾವಾಗಿನಿಂದ ಹೀಗೆ? ನಿನ್ನನ್ನು ಗುರುತು ಹಿಡಿಯುತ್ತಾಳೆಯೇ? ಒಲೆ ಹತ್ತಿರ ಬಿಡಬೇಡ. ಬೇಗ ಬರೆ.

ಸಿದ್ದ


ದಾವಣಗೆರೆ
5-5-2025

ಅಕ್ಕ,

ಗುಲ್ಷನ್ ಅಕ್ಕ ಮೂರು ಸಲ ಬಂದರು, ನಿನ್ನ ಕಾಗದವಿಲ್ಲ. ಫೋನು ಮಾಡಿದರೆ ಭಾವ ಎತ್ತಿ "ಎಲ್ಲ ಆರಾಮ" ಅಂತ ಇಡುತ್ತಾರೆ. ಅವ್ವನಿಗೆ ಫೋನು ಕೊಡಿ ಅಂತ ಕೇಳುವ ಧೈರ್ಯ ನನಗಿಲ್ಲ.

ಕಚೇರಿಯಿಂದ ಆದೇಶ ಬಂತು. ಬಸಿಗಾಲುವೆ ಅಂತಲೇ ಬರೆದಿದ್ದಾರೆ, ಕೆಲಸ ಮುಂದುವರಿಸಬಹುದು. ಆರ್‌ಸಿಸಿ ಹಾಕಿಸಿದೆವು. ಪೂರ್ವದ ಕೋಣೆಗೆ ಕಿಟಕಿ ಕೂರಿಸುವಾಗ ಸುಮಾ ಒಳಗೆ ನಿಂತು ಅತ್ತಳು. ಬಿಸಿಲು ಸರಿಯಾಗಿ ಮಂಚ ಬರುವ ಕಡೆಗೇ ಬೀಳುತ್ತದೆ.

ನರಗಳ ಡಾಕ್ಟರೊಬ್ಬರ ಹತ್ತಿರ ಸೋಮವಾರಕ್ಕೆ ಟೋಕನ್ ಮಾಡಿಸಿದ್ದೇನೆ. ಕಾರು ತೆಗೆದುಕೊಂಡು ನಾನೇ ಬರುತ್ತೇನೆ. ನನ್ನನ್ನು ಗುರುತಿಸದಿದ್ದರೂ ಪರವಾಗಿಲ್ಲ, ಅವಳ ಪಕ್ಕ ಕೂರುತ್ತೇನೆ.

ಸಿದ್ದ


ಹರಿಹರ
8-5-2025

ಸಿದ್ದಾ,

ಕಾರು ತರಬೇಡ. ಅವ್ವನಿಗೆ ಏನೂ ಆಗಿಲ್ಲ.

ಬರೆಯಬೇಡ ಅಂತ ಅವಳದೇ ಅಪ್ಪಣೆ. "ಅವನಿಗೆ ಗೊತ್ತಾದ್ರೆ ಆ ಸಾಹೇಬನ ಮುಂದೆ ಬಾಯಿಬಿಟ್ಟಾನು, ಸಣ್ಣೋನಿದ್ದಾಗಿಂದ ಹೊಟ್ಟೆನಾಗೆ ಮಾತು ನಿಲ್ಲಲ್ಲ" ಅಂದಳು. ಆದೇಶ ಬರಲಿ ಅಂತ ಕಾದೆ. ಅಷ್ಟರಲ್ಲಿ ನೀನು ಸ್ವಲ್ಪ ನರಳಲಿ ಅಂತಲೂ ನನಗಿತ್ತು, ಸುಳ್ಳು ಯಾಕೆ ಹೇಳಲಿ. ನಿನ್ನ ಕೊನೆಯ ಕಾಗದ ನೋಡಿದ ಮೇಲೆ ತಡೆಯಲಾಗಲಿಲ್ಲ.

ತಪ್ಪು ನನ್ನ ಬಾಯಿಯದು. ನನಗೆ ಬಾಯಿ ಆಡಿಸದೆ ಓದಲು ಬರುವುದಿಲ್ಲ, ಶಾಲೆಯಲ್ಲೂ ಮೇಷ್ಟ್ರು ಬೈಯುತ್ತಿದ್ದರು. ನಿನ್ನ ಅಫಿಡವಿಟ್ಟಿನ ಕಾಗದ ಬಂದ ದಿನ ಸಿಟ್ಟಿನಲ್ಲಿ ದನಿ ಏರಿತು. "ವ್ಯಕ್ತಿಗಳ ಬಗ್ಗೆ ಸರಿಯಾದ ತಿಳಿವಳಿಕೆ ಇರುವುದಿಲ್ಲ" ಅನ್ನುವಲ್ಲಿಗೆ ತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. "ಇನ್ನೊಂದ್ಸಲ ಓದು" ಅಂದಳು. ಓದಿದೆ. ಅವಳು ಹೋಗಿ ಹಿಟ್ಟು ನಾದಿ ರೊಟ್ಟಿ ಬಡಿದಳು. ಅವತ್ತಿನ ರೊಟ್ಟಿ ಎಲ್ಲಾ ಹರಿದವು.

ಮಹಜರಿನ ಹಿಂದಿನ ದಿನ ನನಗೆ ಹೇಳಿದಳು. "ಹಳ್ಳಕ್ಕೆ ಗುಂಡಿ ಅನ್ನಾಕೆ ನನ್ನ ಕೈಲಾಗಲ್ಲ. ಹಳ್ಳ ಅಂತ ಮತ್ತೆ ಅಂದ್ರೆ ಮಗ ಬೀದಿಗೆ ಬೀಳ್ತಾನೆ, ಮ್ಯಾಲೆ ಸುಳ್ಳು ಬರದಾನ ಅಂತ ಕೇಸು ಬೇರೆ. ನಾನೇ ಗೊತ್ತಿಲ್ದಾಕಿ ಆಗಿಬಿಟ್ರೆ? ಹಳ್ಳದ ಸುದ್ದೀನೇ ಬರಂಗಿಲ್ಲ. ಹೆಂಗೂ ಬರದು ಕೊಟ್ಟಾನಲ್ಲ." ಬೇಡ ಅಂತ ನಾನು ಕೈ ಹಿಡಿದುಕೊಂಡೆ. ಕೇಳಲಿಲ್ಲ. ಅದಕ್ಕೇ ಸೈಟಿನಲ್ಲಿ ನಾನು ಮಾತಾಡಲಿಲ್ಲ. ಮಾತಾಡಿದ್ದರೆ ನನ್ನಿಂದ ಎಲ್ಲ ಹೊರಗೆ ಬಂದುಬಿಡುತ್ತಿತ್ತು.

ನಿನ್ನನ್ನು ಅಷ್ಟು ಹೊತ್ತು ನೋಡಿದಳಲ್ಲ, ಅದು ನಟನೆ ಅಲ್ಲ ಕಣೋ. ಯುಗಾದಿಗೂ ಬಂದಿರಲಿಲ್ಲ ನೀನು, ಕಣ್ತುಂಬ ನೋಡಿಕೊಂಡಳು. ವಾಪಸ್ಸು ಬಸ್ಸಿನಲ್ಲಿ ಕೂತ ಮೇಲೆ ಸೆರಗು ಬಾಯಿಗೆ ಇಟ್ಟುಕೊಂಡು, "ಸಿದ್ದ ಭಾಳ ಸೊರಗ್ಯಾನೆ ಯಶೋದಿ. ಕೊರಳೆಲುಬು ಕಾಣ್ತಾವೆ" ಅಂದಳು.

ಈಗ ಅವಳು ಗುಲ್ಷನ್‌ಗೆ ಗುಂಡಿಗೂ ಹಳ್ಳಕ್ಕೂ ಇರುವ ವ್ಯತ್ಯಾಸ ಹೇಳಿಕೊಡುತ್ತಿದ್ದಾಳೆ. ಡಾಕ್ಟರ ಟೋಕನ್ ಬೇಕಾದರೆ ನೀನು ಉಪಯೋಗಿಸಿಕೋ.

ಅಕ್ಕ


ದಾವಣಗೆರೆ
6-8-2025

ಅಕ್ಕನಿಗೆ ನಮಸ್ಕಾರ.

ನಿನ್ನ ಆ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯಲಾಗಲಿಲ್ಲ. ಎಷ್ಟು ಸಲ ಕೂತೆನೋ. ಅವ್ವ ಚೆನ್ನಾಗಿದ್ದಾಳೆ ಅಂತ ಓದಿ ಅಂಗಡಿಯಲ್ಲೇ ಗೊಳೋ ಅಂತ ಅತ್ತೆ, ಗಿರಾಕಿ ಮೋಟರ್ ಬಿಟ್ಟು ನೀರು ತಂದುಕೊಟ್ಟ. ನಾಚಿಕೆಗೆ ಹರಿಹರದ ಬಸ್ಸು ಹತ್ತಲಾಗಲಿಲ್ಲ.

ಮನೆ ಮುಗಿಯಿತು. ಇದೇ 21ಕ್ಕೆ ಗೃಹಪ್ರವೇಶ. ಹೋದ ವಾರದ ಮಳೆಗೆ ಹಳ್ಳದ ನೀರು ಕಾಂಪೌಂಡ್‌ವರೆಗೆ ಬಂದಿತ್ತು, ಬೆಳಗಾಗುವಷ್ಟರಲ್ಲಿ ಇಳಿಯಿತು. ಪೈಪು ಹಾಕಿಸುತ್ತೇನೆ, ಹೆದರುವಂಥದ್ದು ಏನಿಲ್ಲ. ಅವ್ವನ ಕೋಣೆಗೆ ಅವಳ ಇಷ್ಟದ ಹಸಿರು ಬಣ್ಣ ಹೊಡೆಸಿದ್ದೇನೆ. ಅವಳು ಬಂದು ಹಾಲು ಉಕ್ಕಿಸಬೇಕು, ಅಲ್ಲೇ ಉಳಿಯಬೇಕು. ಇದಕ್ಕೇ ಅಲ್ಲವೇ ನಾನು ಇಷ್ಟೆಲ್ಲ ಮಾಡಿದ್ದು?

ಒಂದು ಮಾತು ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಮನೆ ಪೂರ್ಣಗೊಂಡ ಪ್ರಮಾಣಪತ್ರ ಇನ್ನೂ ಕೈಗೆ ಬಂದಿಲ್ಲ. ಅದು ಬಾರದೆ ಕಾಯಂ ಕರೆಂಟ್ ಇಲ್ಲ. ಅದೇ ಸಾಹೇಬರು ಬಂದು ನೋಡಬೇಕು, ಗೃಹಪ್ರವೇಶಕ್ಕೇ ಬರುತ್ತೇನೆ ಅಂದಿದ್ದಾರೆ, ಅವ್ವನನ್ನು ವಿಚಾರಿಸಿದರು ಕೂಡ. ಅವರೆದುರು ಅವ್ವ ಸರಿಯಾಗಿ ಮಾತಾಡಿಬಿಟ್ಟರೆ ನಾನು ಕೊಟ್ಟಿದ್ದು ಸುಳ್ಳು ಅಫಿಡವಿಟ್ ಅಂತಾಗುತ್ತದೆ. ಅದಕ್ಕೆ ಆ ಒಂದು ದಿನ ಮಾತ್ರ, ಮಹಜರಿನ ದಿನದ ಹಾಗೆ... ಅರ್ಥ ಮಾಡಿಕೊ. ಆಮೇಲೆ ಮನೆಯೊಳಗೆ ಹೇಗಾದರೂ ಇರಲಿ. ಹೊರಗೆ ಕಟ್ಟೆಯ ಮೇಲೆ ಕೂತು ಯಾರ ಹತ್ತಿರವೂ ಹಳೇ ಸುದ್ದಿ ಆಡದಿದ್ದರೆ ಸಾಕು. ತಕರಾರು ಕೊಟ್ಟವರು ಯಾರು ಅಂತ ಇನ್ನೂ ಗೊತ್ತಿಲ್ಲ, ನಮ್ಮ ಸಾಲಿನವರಿಗೂ ಭಯ. ನೀನೇ ಅವಳಿಗೆ ನಿಧಾನವಾಗಿ ಹೇಳು, ನಿನ್ನ ಮಾತು ಕೇಳುತ್ತಾಳೆ.

ನಿನ್ನ ಸಿದ್ದ


ಹರಿಹರ
10-8-2025

ಸಿದ್ದಾ,

ನಿನ್ನ ಕಾಗದವನ್ನು ಈ ಸಲ ಬೇಕಂತಲೇ ಬಾಯಿಬಿಟ್ಟು ಓದಿದೆ. ಅವ್ವ ಎದುರಿಗೇ ಕೂತು ಪೂರ್ತಿ ಕೇಳಿದಳು. ಹಳ್ಳದ ನೀರು ಬಂದಿತ್ತು ಅಂತ ನೀನೇ ಬರೆದ ಕಡೆ ಸ್ವಲ್ಪ ನಕ್ಕಳು, ಆಮೇಲೆ ಮೊಮ್ಮಗಳು ಎಲ್ಲಿ ಮಲಗುತ್ತಾಳೆ ಅಂತ ಕೇಳಿದಳು. ಪೂರ್ವದ ಕೋಣೆಯಲ್ಲಿ ಮಳೆಗಾಲಕ್ಕೆ ಮಗುವನ್ನು ಮಲಗಿಸಬಾರದಂತೆ. ಇದನ್ನು ಸುಮಾಳಿಗೆ ಮರೆಯದೆ ಹೇಳು.

ಹಸಿರು ಬಣ್ಣ ಅಂದದ್ದಕ್ಕೆ ಅವಳ ಮುಖ ಅರಳಿತು. ಸುಳ್ಳು ಹೇಳುವುದಿಲ್ಲ, ಆ ಹೊತ್ತು ಹೊರಟೇಬಿಡುತ್ತಾಳೆ ಅಂದುಕೊಂಡೆ. ಟ್ರಂಕಿನಿಂದ ಸೀರೆ ತೆಗೆದು ಕೂಡ ನೋಡಿದಳು. ಮುಂದಿನದು ಓದಿದ ಮೇಲೆ ಸೀರೆಯನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡಳು. ಆಮೇಲೆ ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

"ಒಂದಿನದ್ದಾಗಿದ್ರೆ ಮಾಡ್ತಿದ್ದೆ. ನನ್ನ ಮಗ, ಇನ್ನೊಂದಿನ ಅವನ ಗುರುತಿಲ್ದಂಗೆ ನಿಂತ್ಕತಿದ್ದೆ. ಇದು ಒಂದಿನದ್ದಲ್ಲ ಯಶೋದಿ. ಕಟ್ಟೆ ಮ್ಯಾಲೆ ಕೂತು ನನ್ನ ವಾರಿಗೆ ತಿಮ್ಮವ್ವನ ಕೂಡ ಮಾತಾಡಂಗಿಲ್ಲ. ಮೊಮ್ಮಗಳಿಗೆ ನಿಮ್ಮಜ್ಜ ಇಲ್ಲಿ ನಾಟಿ ಹಾಕ್ಸಿದ್ದ ಅಂತ ಹೇಳಂಗಿಲ್ಲ. ಯಾರಾದ್ರೂ ಮನೀಗೆ ಬಂದ್ರೆ ಪೆಕರಿ ಹಂಗೆ ನೋಡ್ಬೇಕು. ಅವನ ಮನ್ಯಾಗೆ ಇರ್ಬೇಕಂದ್ರೆ ನಾನು ಸಾಯೋತನಕ ಅರಳು ಮರಳಾಗಿರ್ಬೇಕು. ಆ ಕ್ವಾಣೆ ಉಳಿಸಾಕೆ ನನ್ನ ಬುದ್ಧಿ ಕೊಟ್ಟೀನಿ, ಇನ್ನ ಬುದ್ಧಿ ಇಲ್ದಾಕಿ ಅದ್ರಾಗೆ ಹೋಗಿ ಮಲಗಿ ಏನ್ ಮಾಡ್ಲಿ? ಇಲ್ಲಿ ಜಾಗ ಇಲ್ದಿದ್ರೂ ನಾನು ಯಾರು ಅಂತ ನಂಗೆ ಗೊತ್ತಿರ್ತೈತೆ. ನಾ ಇಲ್ಲೇ ಇರ್ತೀನಿ ಅಂತ ಬರಿ."

ಅವಳ ತೊಡೆಯ ಮೇಲಿದ್ದ ಸೀರೆಯನ್ನು ಟ್ರಂಕಿಗೆ ಇಟ್ಟು ಬಂದು ಈ ಕಾಗದ ಬರೆಯಲು ಕೂತೆ.

ನಿನ್ನ ಮೇಲೆ ಅವಳಿಗೆ ಸಿಟ್ಟಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನೀನು ಯಾವಾಗ ಬೇಕಾದರೂ ಇಲ್ಲಿಗೆ ಬಾ, ನಿನ್ನನ್ನು ಹೆಸರು ಹಿಡಿದು ಕರೆದು ರೊಟ್ಟಿ ಬಡಿದು ಹಾಕುತ್ತಾಳೆ.

ಗೃಹಪ್ರವೇಶಕ್ಕೆ ನಾನೂ ನಿಮ್ಮ ಭಾವನೂ ಬರುತ್ತೇವೆ. ಹಾಲು ಸುಮಾ ಉಕ್ಕಿಸಲಿ. ಊರವರೆಲ್ಲ ಬರುತ್ತಾರೆ, ಬಂದವರೆಲ್ಲ ಅಂಜಿನವ್ವ ಎಲ್ಲಿ ಅಂತ ಕೇಳುತ್ತಾರೆ. ನನ್ನನ್ನು ಕೇಳಿದರೆ ನಿನ್ನ ಕಡೆ ಕೈ ತೋರಿಸುತ್ತೇನೆ. ಏನು ಹೇಳಬೇಕೋ ಒಬ್ಬೊಬ್ಬರಿಗೂ ನೀನೇ ಹೇಳು.

ನಿನ್ನ ಅಕ್ಕ
ಯಶೋದಾ